ದೇವರಿಲ್ಲದ ಗುಡ್ಡಕ್ಕೆ ಒಂದು ಜಾಗ

ಗುಡ್ಡದ ಮೇಲೆ ಯಾವ ದೇವರಿದೆ ಎಂದು ಮೊದಲು ಕೇಳಿದವಳು ನಾನೇ. ಸೊಸೆ ಸಾಲೆಯಿಂದ ಬಂದು, ಕಟ್ಟೆಯ ಮೇಲೆ ಕುಳಿತು, ಮೊಬೈಲಿನಲ್ಲಿ ಒಂದು ಗುಡ್ಡದ ಚಿತ್ರ ತೋರಿಸಿದ್ದಳು. ಕೆಳಗೆ ದಟ್ಟ ಕಾಡು, ಮೇಲೆ ಬರೀ ಹುಲ್ಲು, ಹುಲ್ಲಿನ ಮೇಲೆ ಮಂಜು. ತುದಿಯಲ್ಲಿ ಗುಡಿಯ ಕಳಸ ಕಾಣುತ್ತದೇನೋ ಎಂದು ಕನ್ನಡಕ ಏರಿಸಿ ಹುಡುಕಿದೆ. ಏನೂ ಇರಲಿಲ್ಲ. ಯಾವ ದೇವರು ಎಂದೆ. ಯಾವ ದೇವರೂ ಇಲ್ಲ ಎಂದಳು. ಹಾಗಾದರೆ ಅಲ್ಲಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ.

"ಏರೂದ್ರಿ ಅತ್ತಿ. ಏರಿ, ನೋಡಿ, ಇಳದ ಬರೂದು," ಎಂದಳು.

ನನಗೆ ಅದು ಪೂರ್ತಿ ಅರ್ಥವಾಗಲಿಲ್ಲ, ಆದರೆ ಹಿಡಿಸಿತು. ನಮ್ಮ ಕಡೆ ಜನ ಏರುವ ಗುಡ್ಡ ಎಂದರೆ ಅಲ್ಲೊಂದು ದೇವರು ಕುಳಿತೇ ಇರುತ್ತದೆ. ದೇವರಿಲ್ಲದ ಗುಡ್ಡವನ್ನು ಕುರಿಗಳಷ್ಟೇ ಏರುತ್ತವೆ, ಅವುಗಳ ಹಿಂದೆ ಕುರುಬರು.

ನಾನು ನಡೆಯುವುದರಲ್ಲಿ ಹಿಂದೆ ಬಿದ್ದವಳಲ್ಲ. ಯುಗಾದಿಯ ಮುಂದೆ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತವರ ಹಿಂದೆ ಶ್ರೀಶೈಲದ ತನಕ ಬರಿಗಾಲಲ್ಲಿ ನಡೆದಿದ್ದೇನೆ, ಒಂದಲ್ಲ, ಹಲವು ಸಲ. ಆದರೆ ಪ್ರತಿ ಸಲವೂ ಏನಾದರೊಂದು ಬೇಡಿಕೊಂಡೇ ನಡೆದದ್ದು. ಮಗ ಹುಟ್ಟಲಿ ಎಂದು ಒಮ್ಮೆ, ಬೋರಿಗೆ ನೀರು ಬೀಳಲಿ ಎಂದು ಒಮ್ಮೆ, ಗಂಡನ ಹೊಟ್ಟೆನೋವು ಹೋಗಲಿ ಎಂದು ಒಮ್ಮೆ. ಮಗ ಹುಟ್ಟಿದ, ನೀರು ಬಿತ್ತು, ಗಂಡ ಹೋದ. ದೇವರ ಮೇಲೆ ಸಿಟ್ಟಿಲ್ಲ, ಮೂರರಲ್ಲಿ ಎರಡು ಕೊಟ್ಟಿದ್ದಾನೆ. ಈಗ ಬೇಡುವಂಥದ್ದು ಏನೂ ಉಳಿದಿಲ್ಲ. ಏನೂ ಬೇಡದೆ ನಡೆದರೆ ಹೇಗಿರುತ್ತದೆ ನೋಡೋಣ ಎನ್ನಿಸಿತು. ಇಷ್ಟೇ.

ನನ್ನ ಸೊಸೆ ಮೂಡಲಗಿಯಲ್ಲಿ ಸಾಲೆ ಕಲಿಸುತ್ತಾಳೆ. ಕಲ್ಲೋಳಿಯ ನಮ್ಮ ಮನೆಯಿಂದ ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತಾಳೆ. ಅವಳ ಜೊತೆಯ ಟೀಚರುಗಳದ್ದು ಒಂದು ಗುಂಪಿದೆ, ಎಲ್ಲರೂ ಹೆಂಗಸರೇ. ಪ್ರತಿ ವರ್ಷ ದಸರೆ ರಜೆಯಲ್ಲಿ ಎಲ್ಲಿಗಾದರೂ ಹೋಗುತ್ತಾರೆ. ಈ ಸಲ ಪಡುವಣ ಘಟ್ಟದಲ್ಲಿ ಅರಣ್ಯ ಇಲಾಖೆಯವರು ನೋಡಿಕೊಳ್ಳುವ ಒಂದು ಕಾಡಿಗೆ ಎಂದು ಗೊತ್ತು ಮಾಡಿದ್ದರು. ಗೇಟಿನ ಒಳಗೆ ಹಳ್ಳದ ದಂಡೆಯಲ್ಲಿ ಟೆಂಟು ಹೊಡೆದಿರುತ್ತಾರಂತೆ. ಅಲ್ಲಿ ಎರಡು ರಾತ್ರಿ ವಸ್ತಿ. ನಡುವಿನ ದಿನ ಬೆಳಗ್ಗೆ ಹೊರಟು ಗುಡ್ಡದ ತುದಿ ಮುಟ್ಟಿ ಸಂಜೆ ಇಳಿಯುವುದು. ಅಷ್ಟರಲ್ಲಿ ಒಬ್ಬ ಟೀಚರಿನ ಮಗಳ ಹೆರಿಗೆ ಅದೇ ವಾರಕ್ಕೆ ಬಂತು. ಒಂದು ಜಾಗ ಖಾಲಿ ಬಿತ್ತು.

ನಾನು ಬರುತ್ತೇನೆ ಎಂದೆ.

ಸೊಸೆ ನನ್ನ ಮುಖ ನೋಡಲಿಲ್ಲ, ಮೊಣಕಾಲು ನೋಡಿದಳು. ಮಗ ಅಲ್ಲೇ ಪೈಪಿನ ವಾಲು ಬಿಚ್ಚುತ್ತ ಕುಳಿತಿದ್ದವನು, ಎಪ್ಪತ್ತು ದಾಟಿದ ಮೇಲೆ ಟೆಂಟಿನಲ್ಲಿ ಮಲಗುವ ಹುಕಿ ಯಾಕೆ ಎಂದ. ಸೊಸೆ ಅದನ್ನು ಕಿವಿಗೆ ಹಾಕಿಕೊಳ್ಳದೆ ಕರಾರು ಹೇಳಿದಳು. ಬೂಟು ಹಾಕಬೇಕು. ಹೋಗುವುದಕ್ಕೆ ಮುಂಚೆ ಗೋಕಾಕದ ಗುಡ್ಡ ಏರಿ ತೋರಿಸಬೇಕು. ಕಾಡಿನವರು ಹೇಳಿದ್ದನ್ನು ಕೇಳಬೇಕು, ಎದುರು ಮಾತಾಡಬಾರದು. ಮೊದಲಿನ ಎರಡಕ್ಕೆ ಹೂಂ ಎಂದೆ. ಮೂರನೆಯದಕ್ಕೆ ನೋಡೋಣ ಎಂದೆ.

ಬೂಟು ಯಾಕೆ, ಶ್ರೀಶೈಲಕ್ಕೆ ಬರಿಗಾಲಲ್ಲಿ ಹೋಗಿ ಬಂದ ಕಾಲು ಇವು ಎಂದು ವಾದಿಸಿದೆ. ಅಲ್ಲಿ ಜಿಗಳಿ ಇರುತ್ತವೆ ಎಂದಳು. ಜಿಗಳಿ ನನಗೂ ಗೊತ್ತು, ಎಮ್ಮೆ ಕೆರೆಗೆ ಇಳಿದರೆ ರಕ್ತ ಹೀರುತ್ತ ಮೈಗೆ ಹತ್ತಿಕೊಂಡು ಬರುತ್ತವೆ. ನಾನೇನು ಕೆರೆಗೆ ಇಳಿಯುತ್ತೇನೆಯೇ ಎಂದೆ. ಅಲ್ಲಿಯ ಜಿಗಳಿ ನೀರಿನಲ್ಲಿ ಇರುವುದಿಲ್ಲವಂತೆ. ಹುಲ್ಲಿನಲ್ಲಿ, ಎಲೆಯ ಕೆಳಗೆ ಕುಳಿತು ಕಾಯುತ್ತವಂತೆ. ಸುಳ್ಳು ಎಂದುಕೊಂಡೆ. ಅವಳು ಮೊಬೈಲಿನಲ್ಲಿ ತೋರಿಸಿದಳು. ಖರೆ ಇತ್ತು. ಎದ್ದು ನಿಂತು ಮನುಷ್ಯರ ವಾಸನೆ ಹಿಡಿಯುತ್ತಿತ್ತು.

ಮರುದಿನವೇ ಗೋಕಾಕಕ್ಕೆ ಹೋಗಿ ಬೂಟು ತಂದೆವು. ನನ್ನ ಕಾಲು ಮುಂದೆ ಅಗಲ, ಹಿಂದೆ ಸಣ್ಣದು. ಅಂಗಡಿಯವನು ಹೆಂಗಸರ ಬೂಟುಗಳನ್ನೆಲ್ಲ ಇಳಿಸಿ ಸೋತು, ಕೊನೆಗೆ ಗಂಡಸರ ಕಪಾಟು ತೆಗೆದ. ಅಜ್ಜಿ ಯಾವ ಹೊಲಕ್ಕೆ ಹೋಗುತ್ತೀರಿ ಎಂದು ಕೇಳಿದ. ಗುಡ್ಡ ಏರುವುದಕ್ಕೆ ಎಂದೆ. ಯಾವ ದೇವರು ಎಂದ. ಯಾವ ದೇವರೂ ಅಲ್ಲ ಎಂದಾಗ ಅವನು ಸೊಸೆಯ ಮುಖ ನೋಡಿದ, ಮುದುಕಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಕೇಳುವ ಹಾಗೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಆ ಮೇಲೆ ನಾನು ಊರೂರು ಹೇಳಿಕೊಂಡು ಬಂದೆ.

ಹುಕ್ಕೇರಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು, ಹೋಗಿದ್ದೆ. ಊಟವಾದ ಮೇಲೆ ಎಲೆಅಡಿಕೆ ಹಾಕುತ್ತ ಕುಳಿತಾಗ ಗುಡ್ಡದ ಸುದ್ದಿ ತೆಗೆದೆ. ತಂಗಿ ಕೇಳುತ್ತ ಕೇಳುತ್ತ, ನಾನೂ ಬರಲೇ ಎಂದಳು. ಬಾ ಎಂದೆ. ಸಂತೆಯಲ್ಲಿ ಮಸಗುಪ್ಪಿಯ ಗೆಳತಿ ಸಿಕ್ಕಳು. ಶ್ರೀಶೈಲದ ದಾರಿಯಲ್ಲಿ ಪ್ರತಿ ಸಲ ನನ್ನ ಬಾಜೂ ನಡೆದವಳು ಅವಳು. ಎಲ್ಲಿಗಾದರೂ ನಡೆಯುವುದಿದೆ ಎಂದರೆ ಸಾಕು, ಎಲ್ಲಿಗೆ ಎಂದು ಪೂರ್ತಿ ಕೇಳದೆ ತಾನೂ ಬರುತ್ತೇನೆ ಎಂದಳು. ಬಾ ಎಂದೆ. ಇನ್ನು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಬೂಟು ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ತಿರುಗುವುದನ್ನು ಗೋಡೆಯ ಮೇಲಿಂದ ನೋಡಿ, ಇದೇನು ಪೊಲೀಸರಲ್ಲಿ ಸೇರಿದೆಯಾ ಎಂದಳು. ಹೇಳಿದೆ. ತಾನೂ ಬರುತ್ತೇನೆ ಎಂದಳು. ಅವಳಿಗೂ ಬಾ ಎಂದೆ.

ಜಾಗ ಒಂದೇ ಇರುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಂಬಿಯ ಹಿಂದೆ ನಡೆದವರಿಗೆ ಒಂದು ರೂಢಿ ಇದೆ. ನಾನೂ ಬರುತ್ತೇನೆ ಎಂದವರಿಗೆ ಬೇಡ ಎನ್ನಬಾರದು. ಕುಂಟ ಬರುತ್ತೇನೆ ಎಂದರೂ ಬಾ ಎನ್ನಬೇಕು, ಸಾಲಗಾರ ಬರುತ್ತೇನೆ ಎಂದರೂ ಬಾ ಎನ್ನಬೇಕು. ನಡೆಯಲಾಗದವನು ತಾನೇ ನಿಲ್ಲುತ್ತಾನೆ, ನಿಲ್ಲಿಸುವುದಕ್ಕೆ ನಾವು ಯಾರು? ದಾರಿಯಲ್ಲಿ ಊಟಕ್ಕೆ ಊರವರು ಇರುತ್ತಾರೆ, ಮಲಗುವುದಕ್ಕೆ ಗುಡಿಯ ಕಟ್ಟೆ ಇರುತ್ತದೆ. ಹತ್ತು ಜನ ಹೊರಟದ್ದು ಊರು ದಾಟುವಷ್ಟರಲ್ಲಿ ನಲವತ್ತಾದರೂ ಯಾರಿಗೂ ತೊಂದರೆ ಇಲ್ಲ. ಬಾಯಿಗೆ ಬಾ ಎಂಬ ಮಾತೇ ರೂಢಿಯಾಗಿದೆ, ಬೇರೆ ಮಾತು ಹೊರಡಲಿಲ್ಲ.

ಸೊಸೆಗೆ ಇದು ಗೊತ್ತಾದದ್ದು ನೆಗೆಣ್ಣಿಯಿಂದ. ಅವಳು ಗೋಡೆಯ ಮೇಲಿಂದಲೇ ನನ್ನ ಸೊಸೆಯನ್ನು ಕರೆದು, ರಬ್ಬರಿನ ಚಪ್ಪಲಿ ನಡೆಯುತ್ತದೋ ಅಥವಾ ತಾನೂ ಗಂಡಸರ ಬೂಟೇ ತರಬೇಕೋ ಎಂದು ಕೇಳಿದಳು. ಸೊಸೆ ಒಳಗೆ ಬಂದಳು. ನಾನು ಶೇಂಗಾ ಹುರಿಯುತ್ತಿದ್ದೆ. ಎಷ್ಟು ಜನರಿಗೆ ಹೇಳಿದ್ದೀರಿ ಎಂದಳು. ಹೇಳಿದೆ. ಒಲೆ ಆರಿಸಿ ಎದುರಿಗೆ ಕುಳಿತಳು.

"ಅತ್ತಿ, ಇದು ಪಾದಯಾತ್ರಿ ಅಲ್ಲರಿ. ಎಷ್ಟ ಮಂದಿದು ಹೆಸರು ಕೊಟ್ಟೇವಿ ಅಷ್ಟ ಮಂದಿನ್ನ ಗುಡ್ಡಕ್ಕ ಬಿಡತಾರು. ಒಂದ ತಲಿ ಹೆಚ್ಚಾದ್ರೂ ಗೇಟಿನ್ಯಾಗ ನಿಂದ್ರಸತಾರು."

"ನಡದ ಹೋಗಾಕ ಗೇಟ್ಯಾಕ ಬೇ?"

"ಕಾಡ್ರಿ ಅದು. ನಮ್ಮ ಹೊಲಾ ಅಲ್ಲ."

ಮೂವರಿಗೂ ನೀವೇ ಬೇಡ ಎಂದು ಹೇಳಿ, ಇಲ್ಲವಾದರೆ ನಾನು ಹೇಳುತ್ತೇನೆ ಎಂದಳು. ಎರಡೂ ಆಗುವುದಿಲ್ಲ ಎಂದೆ. ಬಾ ಎಂದ ಬಾಯಲ್ಲಿ ಬೇಡ ಎನ್ನುವುದು ನನ್ನಿಂದ ಆಗದು. ನೀನು ಹೇಳಿದರೆ ಅದು ನಾನು ಹೇಳಿಸಿದ ಹಾಗೆ. ಅವರನ್ನು ಕರೆದು, ಬಿಟ್ಟು, ನಾನೊಬ್ಬಳೇ ಹೋಗುವುದೂ ಆಗದು. ಹಾಗಾದರೆ ನೀವೂ ಉಳಿಯಬೇಕಾಗುತ್ತದೆ ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ತಿರುಗಿ ಬೈಯಬಹುದಿತ್ತು. ಜಾಗಕ್ಕೆ ಬೇರೆಯವರನ್ನು ಸೇರಿಸುವುದಕ್ಕೆ ಮುಂಚೆ ಸ್ವಲ್ಪ ದಿನ ಕಾಯುತ್ತೇನೆ ಎಂದು ಮಾತ್ರ ಹೇಳಿದಳು.

ನಾನು ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಕುಳಿತೆ. ಹೋಗಬೇಕು ಎಂದು ನನಗೆ ಎಷ್ಟಿದೆ ಎಂಬುದು ಆಗ ತಿಳಿಯಿತು. ಅಲ್ಲಿಯವರೆಗೆ ಸುಮ್ಮನೆ ಹುಕಿ ಎಂದುಕೊಂಡಿದ್ದೆ.

ಮೊದಲು ಬಿಟ್ಟವಳು ಮಸಗುಪ್ಪಿಯ ಗೆಳತಿ. ಅವಳು ಒಂದು ಮಧ್ಯಾಹ್ನ ಮನೆಗೇ ಬಂದಳು, ಪೂಜೆಗೆ ಏನೇನು ಒಯ್ಯಬೇಕು ಎಂದು ಕೇಳುವುದಕ್ಕೆ. ಆ ದೇವರಿಗೆ ಕಾಯಿ ನಡೆಯುತ್ತದೋ ಬರೀ ಹೂವೋ, ಹೋಳಿಗೆ ಮಾಡಿ ಒಯ್ಯಬೇಕೋ ಅಲ್ಲೇ ಮಾಡಬೇಕೋ ಎಂದು ವಿಚಾರಿಸಿದಳು. ಅಲ್ಲಿ ನಾವು ಒಲೆ ಹೊತ್ತಿಸುವಂತಿಲ್ಲ, ಅಡಿಗೆಯವರೇ ಇರುತ್ತಾರೆ, ಮೇಲೆ ದೇವರೂ ಇಲ್ಲ ಎಂದೆ. ಚಹಾದ ಬಸಿ ಕೆಳಗಿಟ್ಟಳು.

"ದೇವ್ರ ಇಲ್ಲದ ಗುಡ್ಡಾ ಏರಾಕ ನನಗೇನ್ ಹುಚ್ಚ ಹಿಡದೈತೇನ ಬೇ? ಅಲ್ಲಿ ಹೋಗಿ ಯಾರಿಗೆ ಕೈ ಮುಗೀತಿ?"

"ಯಾರಿಗೂ ಇಲ್ಲ."

"ಹಂಗಾರ ಕೈ ಏನ್ ಮಾಡ್ತಿ?"

ಕೋಲು ಹಿಡಿಯುತ್ತೇನೆ ಎಂದೆ. ಅವಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ, ರಾತ್ರಿ ಹಿಮ್ಮಡಿಗೆ ಔಡಲೆಣ್ಣೆ ತಿಕ್ಕಿಕೊಂಡು ಮಲಗು, ಹೊಸ ಬೂಟು ಕಚ್ಚುತ್ತವೆ ಎಂದು ಬುದ್ಧಿ ಹೇಳಿ, ಉಳಿದ ಚಹಾ ಕುಡಿದು, ಬಸ್ಸಿಗೆ ಹೋದಳು. ನಾನು ಬೇಡ ಎನ್ನಲಿಲ್ಲ. ತಾನೇ ನಿಂತಳು. ರೂಢಿ ಉಳಿಯಿತು.

ಮುಂದಿನ ರವಿವಾರ ಗೋಕಾಕದ ಗುಡ್ಡ ಏರುವುದೆಂದು ಸೊಸೆ ಗೊತ್ತು ಮಾಡಿದಳು. ತಂಗಿ ಹುಕ್ಕೇರಿಯಿಂದ ಬಸ್ಸು ಹಿಡಿದು ಬಂದಳು, ನಾವು ಮೂವರು ಕಲ್ಲೋಳಿಯಿಂದ ಹೋದೆವು: ಸೊಸೆ, ನೆಗೆಣ್ಣಿ, ನಾನು. ಫಾಲ್ಸಿನ ಹತ್ತಿರ ಇಳಿದೆವು. ಮಳೆಗಾಲ ಆಗತಾನೇ ಮುಗಿದಿತ್ತು. ಹೊಳೆ ಕೆಂಪಗೆ ಬೀಳುತ್ತಿತ್ತು, ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಜನ ಮೆಕ್ಕೆತೆನೆ ತಿನ್ನುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಅದನ್ನು ಬಿಟ್ಟು ಮೇಲಿನ ಕಾಲುದಾರಿ ಹಿಡಿದೆವು.

ತಂಗಿ ಅರ್ಧ ದಾರಿಯವರೆಗೆ ಬಂದಳು. ಅಲ್ಲಿ ಒಂದು ಚಪ್ಪಡಿಕಲ್ಲು, ಅದರ ಮೇಲೆ ಒಂದು ಅತ್ತಿಯ ಗಿಡದ ನೆರಳು. ಕುಳಿತಳು. ಸ್ವಲ್ಪ ದಣಿವು ಆರಿಸಿಕೊಂಡು ಬರುತ್ತೇನೆ, ನೀವು ನಡೆಯಿರಿ, ಬುತ್ತಿಯ ಗಂಟು ನನ್ನ ಹತ್ತಿರ ಇರಲಿ, ನಿಮಗೆ ಯಾಕೆ ಭಾರ ಎಂದಳು. ನಾವು ಇಷ್ಟು ಒಳ್ಳೆಯ ಮಾತಿಗೆ ಮರುಳಾಗಿ ಗಂಟು ಕೊಟ್ಟು ನಡೆದೆವು.

ಮುಂದಿನ ಏರು ಕಡಿದಾಗಿತ್ತು. ಬೂಟಿನೊಳಗೆ ನನ್ನ ಕಾಲು ನನ್ನದಲ್ಲ ಎನ್ನಿಸುತ್ತಿತ್ತು. ನೆಲ ಬಿಸಿಯೋ ತಂಪೋ, ಹರಳೋ ಮಣ್ಣೋ, ಒಂದೂ ತಿಳಿಯುವುದಿಲ್ಲ. ಕುರುಡು ಕಾಲಲ್ಲಿ ನಡೆದ ಹಾಗೆ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಔಡಲೆಣ್ಣೆ ಹಚ್ಚುವುದಕ್ಕೆ ನಾನು ಬೇಸರ ಮಾಡಿದ್ದೆ. ನೆಗೆಣ್ಣಿ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು ಮುಂದೆ ಹೋಗುತ್ತಿದ್ದಳು. ಅವಳಿಗೆ ನನಗಿಂತ ಆರೇಳು ವರ್ಷ ಕಡಿಮೆ ಇದ್ದೀತು. ತೆಳ್ಳಗೆ ಇದ್ದಾಳೆ, ಉಸಿರು ಬಿಡುವುದು ಕೂಡ ಕೇಳುವುದಿಲ್ಲ. ತಿರುವು ಬಂದಲ್ಲೆಲ್ಲ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ದಾರಿ ನೋಡುತ್ತಿದ್ದಳು. ನಾನು ಹತ್ತಿರ ಬಂದ ಕೂಡಲೇ ಮತ್ತೆ ಹೊರಡುತ್ತಿದ್ದಳು. ನನಗೆ ನಿಲ್ಲುವುದಕ್ಕೆ ಬಿಡಲಿಲ್ಲ.

"ಅಕ್ಕಾ, ಬೂಟ ನಿನ್ನ ಹೊತಗೊಂಡ ಬರಾಕತ್ತಾವೋ, ನೀನ ಬೂಟ ಹೊತಗೊಂಡ ಬರಾಕತ್ತೀಯೋ?" ಎಂದು ಒಂದು ಕಡೆ ಕೇಳಿದಳು.

ಉತ್ತರ ಕೊಡುವುದಕ್ಕೆ ಉಸಿರು ಸಾಲಲಿಲ್ಲ. ಸಾಲುತ್ತಿದ್ದರೆ ಕೊಡುತ್ತಿದ್ದೆ.

ಆದರೂ ಮುಟ್ಟಿದೆ. ಮೇಲೆ ಬಯಲು, ಗಾಳಿ. ಕೆಳಗೆ ಗೋಕಾಕ ಊರು, ಹೊಳೆ, ಆಚೆ ಕಣ್ಣು ಹರಿಯುವ ತನಕ ಕಬ್ಬು. ನಮ್ಮ ಊರು ಯಾವ ಕಡೆ ಎಂದು ಸೊಸೆ ಬೆರಳು ಮಾಡಿ ತೋರಿಸಿದಳು. ಕಾಣಲಿಲ್ಲ, ಆದರೆ ಹೂಂ ಎಂದೆ. ಬೇಡಿಕೊಳ್ಳುವುದು ಏನೂ ಇಲ್ಲವಾದ್ದರಿಂದ ಸುಮ್ಮನೆ ಕುಳಿತು ನೋಡಿದೆವು. ಶ್ರೀಶೈಲದಲ್ಲಿ ಮುಟ್ಟಿದ ಕೂಡಲೇ ಸಾಲಿನಲ್ಲಿ ನಿಲ್ಲಬೇಕು, ನೂಕಬೇಕು, ನೂಕಿಸಿಕೊಳ್ಳಬೇಕು. ಇಲ್ಲಿ ನೂಕುವವರೇ ಇಲ್ಲ. ಒಳ್ಳೆಯದೇ ಎನ್ನಿಸಿತು.

ಇಳಿದು ಬಂದರೆ ತಂಗಿ ಚಪ್ಪಡಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬುತ್ತಿಯಲ್ಲಿ ಕಟಕ ರೊಟ್ಟಿ ಉಳಿದಿದ್ದವು. ಎಣ್ಣೆಗಾಯಿ ಉಳಿದಿರಲಿಲ್ಲ, ಕರದಂಟಿನ ಡಬ್ಬಿಯೂ ಹಗುರವಾಗಿತ್ತು. ಕುರಿ ಕಾಯುವ ಒಬ್ಬ ಮುದುಕ ಬಂದಿದ್ದ, ಅವನಿಗೂ ಕೊಟ್ಟೆ ಎಂದಳು. ಬಹಳ ಒಳ್ಳೆಯ ಮನುಷ್ಯನಂತೆ, ಹುಕ್ಕೇರಿಯ ಕಡೆಯವನೇ ಅಂತೆ. ಆಮೇಲೆ ನಾನು ಕೇಳದಿದ್ದರೂ ತಾನೇ ಹೇಳಿದಳು: "ನನ್ನ ಗುಡ್ಡಾ ಇಲ್ಲಿಗೇ ಮುಗೀತ ಅಕ್ಕಾ. ಈ ಕಲ್ಲ ನನಗ ಸಾಕ. ನೀವ ಹೋಗಿ ಬರ್ರಿ."

ಹೀಗೆ ಎರಡನೆಯವಳೂ ನಿಂತಳು. ಉಳಿದದ್ದು ನೆಗೆಣ್ಣಿ.

ತಿರುಗಿ ಬರುವಾಗ ಬಸ್ಸಿನಲ್ಲಿ ನೆಗೆಣ್ಣಿ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅವಳಿಗೆ ತಿರುವಿನ ದಾರಿ ಆಗಿಬರುವುದಿಲ್ಲ, ವಾಂತಿಯಾಗುತ್ತದೆ. ಬಸ್ಸು ಹತ್ತಿದರೆ ಕಣ್ಣು ಮುಚ್ಚುತ್ತಾಳೆ. ಸೊಸೆ ನನ್ನ ಬಾಜೂ ಕುಳಿತು ಮೆಲ್ಲಗೆ ಹೇಳಿದಳು, ಸಣ್ಣತ್ತೆ ನಿಮಗಿಂತ ಚೆನ್ನಾಗಿ ಏರುತ್ತಾರೆ. ನನಗೆ ಕಣ್ಣಿದೆ ಎಂದೆ. ನೀವಿಬ್ಬರೂ ಕೂಡಿ ಏನು ಗೊತ್ತು ಮಾಡುತ್ತೀರೋ ಮಾಡಿ, ನಾನು ನಡುವೆ ಬರುವುದಿಲ್ಲ ಎಂದಳು. ಒಬ್ಬಳು ಅತ್ತೆ, ಇನ್ನೊಬ್ಬಳು ಸಣ್ಣತ್ತೆ. ಜಾಣೆ ಇದ್ದಾಳೆ, ನಡುವೆ ಬಂದವರು ಏನಾಗುತ್ತಾರೆ ಎಂದು ಅವಳಿಗೆ ಗೊತ್ತು.

ಮರುದಿನ ನಾನು ಸೊಸೆಗೆ ಕಾಡಿನವರಿಗೆ ಫೋನು ಹಚ್ಚು ಎಂದೆ. ಎದುರು ಮಾತಾಡಬಾರದು ಎಂಬ ಕರಾರು ನೆನಪಿಸಿದಳು. ಕೇಳುವುದು ಎದುರು ಮಾತಲ್ಲ ಎಂದೆ. ಸ್ಪೀಕರಿಗೆ ಹಾಕಿದಳು. ಅತ್ತಲಿಂದ ಮಾತಾಡಿದವನದು ಘಟ್ಟದ ಕಡೆಯ ಮೆತ್ತಗಿನ ಮಾತು. ಒಬ್ಬಳನ್ನು ಹೆಚ್ಚಿಗೆ ಬಿಡುವುದಕ್ಕೆ ಆಗುತ್ತದೆಯೇ ಎಂದು ಕೇಳಿದೆ. ಗುಡ್ಡಕ್ಕೆ ಬಿಡುವ ಜನರ ಲೆಕ್ಕ ತನ್ನ ಕೈಯಲ್ಲಿ ಇಲ್ಲ ಎಂದ. ನಾವೇನು ಮರ ಕಡಿಯುತ್ತೇವೆಯೇ ಎಂದೆ. ಸೊಸೆ ನನ್ನ ತೊಡೆ ಚಿವುಟಿದಳು. ಅವನು ಸಿಟ್ಟಾಗಲಿಲ್ಲ. ಜನ ಹೆಚ್ಚಾದರೆ ಪ್ರಾಣಿಗಳು ದಾರಿ ಬಿಡುತ್ತವೆ, ಹುಲ್ಲು ಸಾಯುತ್ತದೆ, ಅದಕ್ಕೇ ಇಷ್ಟು ಎಂದು ಗೊತ್ತು ಮಾಡಿದ್ದಾರೆ ಎಂದ. ಕಬ್ಬಿನಲ್ಲಿ ಜನ ಅಡ್ಡಾಡಿದರೆ ಏನಾಗುತ್ತದೆ ಎಂದು ಗೊತ್ತಿದ್ದವಳಿಗೆ ಆ ಮಾತು ತಿಳಿಯಿತು. ಹೂಂ ಎಂದೆ. ಆಗ ಅವನೇ ಹೇಳಿದ: "ಕೆಳಗೆ ಟೆಂಟಿನಲ್ಲಿ ಇನ್ನೊಬ್ಬರು ಇರಬಹುದು ಅಮ್ಮ, ಅದಕ್ಕೇನೂ ತೊಂದರೆ ಇಲ್ಲ. ಮೇಲೆ ಮಾತ್ರ ಹೋಗುವಂತಿಲ್ಲ."

ಇಷ್ಟರಿಂದ ವಿಷಯ ಚೊಕ್ಕವಾಯಿತು. ಇಬ್ಬರೂ ಕಾಡಿಗೆ ಹೋಗಬಹುದು. ಒಬ್ಬಳು ಗುಡ್ಡ ಏರುತ್ತಾಳೆ, ಒಬ್ಬಳು ಟೆಂಟಿನ ಹತ್ತಿರ ಉಳಿಯುತ್ತಾಳೆ. ಯಾರು ಏರುವವಳು?

ನಮ್ಮಲ್ಲಿ ಮನೆ ಪಾಲಾಗುವಾಗ ಒಂದು ಪದ್ಧತಿ ಇದೆ. ಹಿರಿಯನು ಪಾಲು ಮಾಡಬೇಕು, ಕಿರಿಯನು ಆರಿಸಬೇಕು. ಪಾಲು ಮಾಡಿದವನಿಗೆ ಆರಿಸುವ ಹಕ್ಕಿಲ್ಲ, ಉಳಿದದ್ದು ಅವನದು. ಅದಕ್ಕೇ ಹಿರಿಯನು ತಕ್ಕಡಿ ಹಿಡಿದವನಂತೆ ಪಾಲು ಮಾಡುತ್ತಾನೆ. ನಮ್ಮ ಮನೆಯೂ ಹಾಗೆಯೇ ಎರಡಾಯಿತು. ನನ್ನ ಗಂಡ ನಡುವೆ ಗೋಡೆ ಎಳೆದ, ಮೈದುನ ಮೂಡಣ ದಿಕ್ಕಿನದನ್ನು ಆರಿಸಿದ. ಆರಿಸಿದವನು ಅವನಲ್ಲ, ಹಿಂದೆ ನಿಂತ ನೆಗೆಣ್ಣಿ. ಬೆಳಗಿನ ಬಿಸಿಲು ಅವಳ ಅಂಗಳಕ್ಕೆ ಮೊದಲು ಬರುತ್ತದೆ, ಹಪ್ಪಳ ಬೇಗ ಒಣಗುತ್ತವೆ. ಅದನ್ನು ಅವಳು ಇಂದಿಗೂ ಹೇಳಿ ತೋರಿಸುತ್ತಾಳೆ.

ಇಲ್ಲಿ ಹಿರಿಯವಳು ನಾನು. ಪಾಲು ನಾನು ಮಾಡಬೇಕು. ಚಹಾ ಮಾಡಿ ಅವಳನ್ನು ಕರೆದೆ. ಫೋನಿನ ಮಾತು ತಿಳಿಸಿದೆ. ಪಾಲು ಹೇಳುತ್ತೇನೆ, ಆರಿಸು ಎಂದೆ. ಅವಳು ಚಕ್ಕಂಬಟ್ಟಲು ಹಾಕಿ ನೆಟ್ಟಗೆ ಕುಳಿತಳು, ನೋಂದಣಿ ಕಚೇರಿಯಲ್ಲಿ ಕುಳಿತವರ ಹಾಗೆ.

ಒಂದು ಪಾಲು: ಟೀಚರುಗಳ ಜೊತೆ ಗುಡ್ಡ ಏರುವುದು, ತುದಿ ಮುಟ್ಟುವುದು, ಸಂಜೆ ಇಳಿಯುವುದು. ಇನ್ನೊಂದು ಪಾಲು: ದಿನವಿಡೀ ಹಳ್ಳದ ದಂಡೆಯಲ್ಲಿ ಟೆಂಟು. ಬೆಳಗ್ಗೆ, ಮಧ್ಯಾಹ್ನ ಅಡಿಗೆಯವರು ಮಾಡಿ ಬಡಿಸಿದ ಊಟ. ಇಷ್ಟೇ ಇಟ್ಟರೆ ಎರಡನೆಯ ಪಾಲು ಹಗುರವಾಗುತ್ತಿತ್ತು. ಅದಕ್ಕೆ ಸೇರಿಸಿದೆ: ಹೋಗುವಾಗ ಬರುವಾಗ ಎರಡೂ ಸಲ ಗಾಡಿಯಲ್ಲಿ ಮುಂದಿನ ಸೀಟು. ಟೆಂಟಿನಲ್ಲಿ ಮಲಗುವ ಜಾಗ ಮೊದಲು ಹಿಡಿಯುವ ಹಕ್ಕು. ಮೇಲೆ ನನ್ನ ಹೊಸ ಚಾದರ, ಇನ್ನೂ ಮಡಿಕೆ ಬಿಚ್ಚದ್ದು.

ಅವಳು ಚಹಾ ಮುಗಿಸಿ ಬಸಿ ಕೆಳಗಿಟ್ಟಳು.

"ಎರಡನೇ ಪಾಲಿಗೆ ಭಾಳ ಬೆಲ್ಲಾ ಹಚ್ಚೀದಿ ಅಕ್ಕಾ."

"ತೂಕಾ ಸಮಾ ಆಗಬೇಕಲ್ಲ."

"ನಮ್ಮ ಭಾವ ಪಾಲ ಮಾಡಿದಾಗ ಹಿಂಗ ಚಾದರ ಹಾಕಿರಲಿಲ್ಲ."

ನಾಳೆ ಹೇಳುತ್ತೇನೆ ಎಂದು ಎದ್ದು ಹೋದಳು. ಆರಿಸುವವರಿಗೆ ಒಂದು ದಿನ ಯೋಚಿಸುವ ಹಕ್ಕು ಇದ್ದೇ ಇದೆ, ನಾನು ಏನೂ ಅನ್ನುವಂತಿರಲಿಲ್ಲ. ಅವಳು ಏರುವುದನ್ನೇ ಆರಿಸುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಅಷ್ಟು ಚೆನ್ನಾಗಿ ಏರುವವಳು ಯಾಕೆ ಬಿಟ್ಟಾಳು? ಚಾದರಕ್ಕೆ ಬಿಡುವವಳಲ್ಲ. ನಾನು ಹಳ್ಳದ ದಂಡೆಯಲ್ಲಿ ಕುಳಿತು ಏನು ಮಾಡಬೇಕು ಎಂದು ಯೋಚಿಸತೊಡಗಿದೆ. ಹರಿಯುವ ನೀರು ನೋಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಕಾಲುವೆಯಲ್ಲೇ ಹರಿಯುತ್ತದೆ. ಬೂಟು ಹೊರಗೆ ಬಿಸಿಲಿಗಿಟ್ಟಿದ್ದೆ, ಒಳಗೆ ತಂದು ಇಡುವುದಕ್ಕೂ ಮನಸ್ಸಾಗಲಿಲ್ಲ. ಮಗ ತಂದು ಇಟ್ಟ. ಹುಕಿಯ ಮಾತು ತೆಗೆಯಲಿಲ್ಲ. ಅವನೂ ಒಮ್ಮೊಮ್ಮೆ ಶಾಣ್ಯಾ ಆಗುತ್ತಾನೆ.

ಮರುದಿನ ಮುಂಜಾನೆ ನಾನು ಅಂಗಳ ಗುಡಿಸುತ್ತಿದ್ದಾಗ ಗೋಡೆಯ ಮೇಲೆ ಅವಳ ತಲೆ ಬಂತು.

"ಚಾದರ ಕೊಡ," ಎಂದಳು.

ನನಗೆ ಕೂಡಲೇ ತಿಳಿಯಲಿಲ್ಲ. ಕಸಬರಿಗೆ ಹಿಡಿದುಕೊಂಡೇ ನಿಂತೆ.

"ಎರಡನೇ ಪಾಲ ನಂದು. ಗುಡ್ಡಾ ನೀ ಏರ."

ಯಾಕೆ ಎಂದು ಕೇಳಿದೆ. ಪಾಲು ಆರಿಸಿದವರನ್ನು ಯಾಕೆ ಎಂದು ಕೇಳುವ ಪದ್ಧತಿ ಇಲ್ಲ, ಆದರೂ ಕೇಳಿದೆ. ಅವಳು ಒಳಗೆ ತಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಅವಳ ಮನೆಯಲ್ಲಿ ಮಂದಿ ಬಹಳ. ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮೇಲೆ ಮೈದುನ. ಅವನಿಗೆ ತನ್ನ ವಸ್ತ್ರ ಎಲ್ಲಿದೆ ಎಂದು ಕೂಡ ಗೊತ್ತಿಲ್ಲ. ಬೆಳಗಿನಿಂದ ಸಂಜೆಯ ತನಕ ಆ ಕಡೆಯಿಂದ ಅವ್ವಾ, ಆಯೀ, ಏ ಇವಳೇ ಎಂದು ಕರೆಯುವುದು ಗೋಡೆ ದಾಟಿ ನನಗೂ ಕೇಳುತ್ತದೆ.

"ನಡಿಯೂದು ನನಗೇನ್ ಹೊಸಾದ? ದಿನಾ ಹೊಲಕ್ಕ ನಡೀತೀನಿ, ಬಾವಿಗೆ ನಡೀತೀನಿ, ಗಿರಣಿಗೆ ನಡೀತೀನಿ. ಕುಂತದ್ದ ಯಾವಾಗ ನೋಡೀ ನನ್ನ? ಆ ಹಳ್ಳದ ದಂಡಿಮ್ಯಾಲ ಒಂದ ದಿನಾ ಪೂರಾ ಕುಂದ್ರತೀನಿ. ಯಾರೂ ಕರೀಬಾರದ. ರೊಟ್ಟಿ ಮತ್ತೊಬ್ಬರ ಬಡಿಯೂದ ಕಿವೀಲೆ ಕೇಳಬೇಕ."

"ನನ್ನ ಸಲುವಾಗಿ ಬಿಟ್ಟಿಯೇನ?"

"ನಿನ್ನ ಸಲುವಾಗಿ? ನಿನಗ ಅಷ್ಟ ಕಿಮ್ಮತ್ತ ಯಾರ ಕೊಟ್ಟಾರ ಅಕ್ಕಾ?"

ನಂಬಿದೆ. ನನ್ನ ಸಲುವಾಗಿ ಅವಳು ಏನಾದರೂ ಮಾಡಿದ್ದರೆ ವರ್ಷಗಟ್ಟಲೆ ಆಡಿ ತೋರಿಸುತ್ತಿದ್ದಳು. ಒಮ್ಮೆ ನನ್ನ ಎಮ್ಮೆಗೆ ಎರಡು ಹೊತ್ತು ಹುಲ್ಲು ಹಾಕಿದ್ದನ್ನು ಇನ್ನೂ ಬಿಟ್ಟಿಲ್ಲ. ಒಳಗೆ ಹೋಗಿ ಚಾದರ ತಂದು ಗೋಡೆಯ ಮೇಲಿಂದ ಕೊಟ್ಟೆ. ಮಡಿಕೆ ಬಿಚ್ಚಿ, ಅಂಚು ಎಳೆದು ನೋಡಿ, ತೆಳ್ಳಗಿದೆ ಎಂದಳು. ಹಾಗಾದರೆ ತಿರುಗಿ ಕೊಡು ಎಂದೆ. ಕೊಡಲಿಲ್ಲ.

ಈಗ ಹೊರಡುವುದಕ್ಕೆ ಒಂದು ವಾರ ಉಳಿದಿದೆ. ಸೊಸೆ ಕಾಡಿನವರಿಗೆ ನನ್ನ ಹೆಸರು ಹೇಳಿದ್ದಾಳೆ. ಸಂಜೆ ಹೊಲದ ಬದುವಿನ ಮೇಲೆ ನಾನು ಬೂಟು ಹಾಕಿಕೊಂಡು ನಡೆಯುತ್ತೇನೆ, ಗುಳ್ಳೆ ಇದ್ದ ಕಡೆ ಈಗ ಚರ್ಮ ಗಟ್ಟಿಯಾಗಿದೆ. ಕಬ್ಬಿಗೆ ನೀರು ಹಾಯಿಸುವ ಆಳುಗಳು ನೋಡಿ ನಗುತ್ತಾರೆ, ನಾನೂ ನಗುತ್ತೇನೆ. ಮೂವತ್ತು ರೊಟ್ಟಿ ಬಡಿದು ಒಯ್ಯೋಣ ಎಂದು ಒಮ್ಮೆ ಎದ್ದಿದ್ದೆ. ಸೊಸೆ ಬೇಡ ಎಂದಳು, ಬಿಟ್ಟೆ.

ನಿನ್ನೆ ನೆಗೆಣ್ಣಿ ಬಂದು ಇನ್ನೊಂದು ಕೆಲಸ ಹಚ್ಚಿದಳು. ಟೆಂಟಿನ ಹತ್ತಿರ ಫೋನು ಹತ್ತುತ್ತದೆ ಎಂದು ನನ್ನ ಸೊಸೆ ಬಾಯಿ ಬಿಟ್ಟಿದ್ದಳು. ಅದನ್ನು ನೆಗೆಣ್ಣಿಯ ಮನೆಯಲ್ಲಿ ಯಾರಿಗೂ ತಿಳಿಸಬಾರದಂತೆ. ಫೋನು ಹತ್ತುವುದಿಲ್ಲ ಎಂದು ಅವಳೇ ಹೇಳಿದರೆ ಮಕ್ಕಳು ನಂಬುವುದಿಲ್ಲವಂತೆ, ನಾನು ಹೇಳಿದರೆ ನಂಬುತ್ತಾರಂತೆ. ನಾನು ನೆಟ್ಟಗೆ ಮಾತಾಡುವವಳೆಂದು ಹೆಸರಾಗಿದ್ದೇನಲ್ಲ. ಸಂಜೆ ಅವರ ಮನೆಗೆ ಹೋದೆ. ಎಲ್ಲರೂ ಊಟಕ್ಕೆ ಕುಳಿತಿದ್ದರು. ಮೈದುನ ಅವಳನ್ನು ಉಪ್ಪಿಗಾಗಿ ಕರೆಯುತ್ತಿದ್ದ, ಮೊಮ್ಮಗ ನೀರಿಗಾಗಿ ಕರೆಯುತ್ತಿದ್ದ. ಆ ಕಾಡಿನಲ್ಲಿ ಫೋನು ಒಂದಿಷ್ಟೂ ಹತ್ತುವುದಿಲ್ಲ, ಎರಡು ದಿನ ಇವಳನ್ನು ಕರೆಯುವುದಕ್ಕೆ ಹೋಗಬೇಡಿ ಎಂದು ಹೇಳಿ ಬಂದೆ.